ಎಂಟು ತಿಂಗಳ ಮಗು, ಪರದೇಶಕ್ಕೆ ಮನೆ ಬದಲು: ಮಗುವಿನ ಸಾಮಾನಲ್ಲಿ ಯಾವುದನ್ನ ಒಯ್ಯೋದು, ಯಾವುದನ್ನ ಬಿಡೋದು?

ಚಿಗುರೆಲೆ
ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ಮೇಲೆ ಮೂರು ವರ್ಷಕ್ಕೆ ಹೊರದೇಶಕ್ಕೆ ಹೊರಟಿದ್ದೀವಿ. ಕೆನಡಾನೋ ನೆದರ್ಲೆಂಡ್ಸೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಹೊರಡೋದಂತೂ ಖಚಿತ. ಆ ಹೊತ್ತಿಗೆ ಮಗಳಿಗೆ ಎಂಟು ತಿಂಗಳು ತುಂಬಿರುತ್ತೆ. ಮೊದಲ ಕೆಲವು ವಾರ ಕಂಪನಿಯವರೇ ಕೊಡೋ ಫ್ಲಾಟು, ಆಮೇಲೆ ನಾವೇ ಮನೆ ಹುಡುಕ್ಕೋಬೇಕು. ಜೊತೆಗೆ ಒಯ್ಯೋ ಸೂಟ್‌ಕೇಸ್ ಅಲ್ಲದೆ ಹಡಗಿನಲ್ಲೂ ಸ್ವಲ್ಪ ಸಾಮಾನು ಕಳಿಸಿಕೊಡ್ತಾರಂತೆ.

ಈಗ ಒಂದು ರೂಮು ಪೂರ್ತಿ ಅವಳದ್ದೇ ಸಾಮಾನಿದೆ. ಕಾರ್ ಸೀಟು, ಸ್ಟ್ರೋಲರ್, ಮರದ ಕಾಟು, ಸ್ಟೆರಿಲೈಸರ್, ಬ್ರೆಸ್ಟ್ ಪಂಪು, ಬೇಬಿ ಮಾನಿಟರ್, ಹೈಚೇರ್, ಯಾರೋ ಉಡುಗೊರೆ ಕೊಟ್ಟ ವಾಕರ್, ಆಟಿಕೆ. ಇವರು "ಎಲ್ಲಾ ಅಲ್ಲೇ ಸಿಗುತ್ತೆ, ಏನೂ ಬೇಡ" ಅಂತಾರೆ. ಅತ್ತೆ "ಮಗು ಹೊಂದಿಕೊಂಡಿರೋ ಸಾಮಾನನ್ನ ಬಿಟ್ಟು ಹೋಗ್ತಾರಾ ಯಾರಾದ್ರೂ" ಅಂತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತೆ. ನನಗೆ ಮಾತ್ರ ಮೊದಲ ರಾತ್ರಿ ಅವಳನ್ನ ಎಲ್ಲಿ ಮಲಗಿಸೋದು ಅನ್ನೋದೇ ಚಿಂತೆ. ಮಗು ಕಟ್ಟಿಕೊಂಡು ದೇಶ ಬದಲಿಸಿದವರು ದಯವಿಟ್ಟು ಹೇಳಿ.

ಹಾದಿಹೋಕ
ಕಾರ್ ಸೀಟ್ ಬಿಟ್ಟು ಹೋಗಿ. ಮಿಕ್ಕಿದ್ದು ಆಮೇಲೆ.

ಇಬ್ಬನಿ_ಹನಿ
ಅದ್ಯಾಕ್ರೀ? ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನೇ ಅದು. ಹೆಚ್ಚಿನ ಏರ್‌ಲೈನ್‌ನವರು ಕಾರ್ ಸೀಟಿಗೂ ಸ್ಟ್ರೋಲರ್‌ಗೂ ಪ್ರತ್ಯೇಕ ದುಡ್ಡೂ ಕೇಳಲ್ಲ. ಒಯ್ಯೋಕೆ ಬಿಟ್ಟಿ ಅಂದಮೇಲೆ ಹೊಸದು ಯಾಕೆ ಕೊಳ್ಳಬೇಕು?

ಹಾದಿಹೋಕ
ಒಯ್ಯೋಕೆ ಬಿಟ್ಟಿ ಇರಬಹುದು, ಅಲ್ಲಿ ಬಳಸೋಕೆ ಕಾನೂನು ಒಪ್ಪಬೇಕಲ್ಲ. ಕಾರ್ ಸೀಟಿಗೆ ಒಂದೊಂದು ದೇಶದ್ದು ಒಂದೊಂದು ಮಾನದಂಡ. ಕೆನಡಾದಲ್ಲಿ ಸೀಟಿನ ಮೇಲೆ ಅವರ ರಾಷ್ಟ್ರೀಯ ಸುರಕ್ಷತಾ ಗುರುತು ಇರಲೇಬೇಕು, ಮೇಪಲ್ ಎಲೆಯ ಚಿತ್ರ ಇರೋದು. ಅದಿಲ್ಲದ ಸೀಟನ್ನ ದೇಶದೊಳಗೆ ತರೋದೂ ತಪ್ಪು, ಬಳಸೋದೂ ತಪ್ಪು. ಪಕ್ಕದ ಅಮೆರಿಕದಲ್ಲಿ ಕೊಂಡಿದ್ದೂ ಆ ಗುರುತು ಇಲ್ಲದಿದ್ರೆ ನಡೆಯಲ್ಲ. ಯುರೋಪಿನಲ್ಲಿ ಇನ್ನೊಂದು ಲೆಕ್ಕ. ಅಲ್ಲಿ ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇರುತ್ತೆ. ಹಳೇ ನಿಯಮ ಆರ್44, ಹೊಸದು ಆರ್129, ಜನ ಐ-ಸೈಜ್ ಅಂತಾರೆ. 2024ರ ಸೆಪ್ಟೆಂಬರ್‌ನಿಂದ ಯುರೋಪ್ ಒಕ್ಕೂಟದ ಅಂಗಡಿಗಳಲ್ಲಿ ಆರ್44 ಸೀಟು ಮಾರೋದು ನಿಂತಿದೆ.

ಚಿಗುರೆಲೆ ಅವರೇ, ಸೀಟನ್ನ ತಲೆಕೆಳಗು ಮಾಡಿ ಚೀಟಿ ಓದಿ. ಅದರಲ್ಲಿ ಏನಿದೆ ಅನ್ನೋದೇ ಉತ್ತರ.

ನೆಲಸಂಪಿಗೆ
ಹಾದಿಹೋಕ ಹೇಳಿದ್ದಕ್ಕೆ ನನ್ನದೂ ಒಂದು ಸೇರ್ಪಡೆ. ಆಸ್ಟ್ರೇಲಿಯಾಕ್ಕೆ ಹೋಗೋರು ಇದನ್ನ ಓದ್ತಿದ್ರೆ ಕೇಳಿ, ಅಲ್ಲಿ ಎಎಸ್/ಎನ್‌ಜೆಡ್‌ಎಸ್ 1754 ಅನ್ನೋ ಅವರದ್ದೇ ಮಾನದಂಡದ ಸೀಟೇ ಆಗಬೇಕು. ಸೀಟಿನ ಮೇಲ್ಭಾಗದಿಂದ ಕಾರಿಗೆ ಬಿಗಿಯೋ ಪಟ್ಟಿ ಅಲ್ಲಿ ಕಡ್ಡಾಯ. ಯುರೋಪಿನ ಒಳ್ಳೇ ಸೀಟೂ ಅಲ್ಲಿ ನಡೆಯಲ್ಲ.

ಇಬ್ಬನಿ_ಹನಿ
ಸರಿ, ಒಪ್ಪಿದೆ. ಆದ್ರೆ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಏರ್‌ಪೋರ್ಟಿನಿಂದ ಫ್ಲಾಟಿಗೆ ಮಗುವನ್ನ ಹೇಗೆ ಕರ್ಕೊಂಡು ಹೋಗೋದು? ಮಡಿಲಲ್ಲಿ ಕೂರಿಸ್ಕೊಂಡಾ? ಕಾನೂನಿನ ಚೀಟಿ ಇಲ್ಲದ ಸೀಟಾದ್ರೂ ಮಡಿಲಿಗಿಂತ ವಾಸಿ ಅಲ್ವಾ?

ಹೊಂಗೆನೆರಳು
ಇದು ನಿಜವಾಗಲೂ ಕೇಳಬೇಕಾದ ಪ್ರಶ್ನೆ. ಕೆಲವು ಊರುಗಳಲ್ಲಿ ಟ್ಯಾಕ್ಸಿಗೆ ಸೀಟಿನ ನಿಯಮದಿಂದ ವಿನಾಯಿತಿ ಇರುತ್ತೆ. ವಿನಾಯಿತಿ ಇದೆ ಅಂದ ಮಾತ್ರಕ್ಕೆ ಅಪಘಾತಕ್ಕೆ ಅದು ಗೊತ್ತಾಗಲ್ಲ, ಮಡಿಲಲ್ಲಿ ಕೂರಿಸಿಕೊಂಡು ಹೋಗಬೇಡಿ. ನಾವು ಮಾಡಿದ್ದು ಹೀಗೆ: ಹೊರಡೋಕೆ ಮೊದಲೇ ಆ ದೇಶದ ಸೀಟನ್ನ ಆನ್‌ಲೈನಲ್ಲಿ ಆರ್ಡರ್ ಮಾಡಿ, ಯಜಮಾನರ ಹೊಸ ಆಫೀಸಿನ ವಿಳಾಸಕ್ಕೆ ತರಿಸಿದ್ವಿ. ನಮ್ಮನ್ನ ಕರೆಯೋಕೆ ಬಂದ ಸಹೋದ್ಯೋಗಿ ಅದನ್ನ ಕಾರಿಗೆ ಹಾಕ್ಕೊಂಡೇ ಬಂದ್ರು. ಅದಾಗದಿದ್ರೆ ಸೀಟ್ ಸಮೇತ ಟ್ಯಾಕ್ಸಿ ಮುಂಗಡ ಬುಕ್ ಮಾಡಬಹುದು, ಮಗುವಿನ ತೂಕ, ಎತ್ತರ ಹೇಳಿಬಿಡಿ. ರೈಲು, ಬಸ್ಸು ಸರಿಯಾಗಿರೋ ಊರಾದ್ರೆ ಮಗುವನ್ನ ಎದೆಗೆ ಕಟ್ಟಿಕೊಂಡು ರೈಲಲ್ಲಿ ಹೋಗೋದೇ ಸುಲಭ.

ಹಾದಿಹೋಕ
ಇನ್ನೊಂದು. ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳೋ ಯೋಚನೆ ಇದ್ರೆ ಕಾರ್ ಸೀಟೊಂದನ್ನ ಅದರಿಂದ ದೂರ ಇಡಿ. ಪರಿಚಯವಿಲ್ಲದವರ ಸೀಟು ಅಪಘಾತ ಕಂಡಿದೆಯೋ ಇಲ್ಲವೋ ಹೊರಗಿಂದ ನೋಡಿದ್ರೆ ತಿಳಿಯಲ್ಲ. ಸೀಟಿಗೆ ಆಯಸ್ಸೂ ಇದೆ, ತಯಾರಾದ ತಾರೀಖಿನಿಂದ ಲೆಕ್ಕ.

ಕಾಡುಮಲ್ಲಿಗೆ
ಎಲ್ಲಾ ಕಾರ್ ಸೀಟಲ್ಲೇ ಮುಳುಗಿದ್ದೀರಿ. ಆ ತಾಯಿ ಕೇಳಿದ್ದು ಮೊದಲ ರಾತ್ರಿ ಮಗು ಎಲ್ಲಿ ಮಲಗುತ್ತೆ ಅಂತ. ನಾನು ಹೇಳೋದು, ಕಾಟ್ ಒಯ್ಯಿರಿ. ಮಗುವಿಗೆ ಊರು ಬದಲಾಗಿದ್ದು ತಿಳಿಯಲ್ಲ, ಹಾಸಿಗೆ ಬದಲಾಗಿದ್ದು ತಕ್ಷಣ ತಿಳಿಯುತ್ತೆ. ಕಂಪನಿ ದುಡ್ಡಲ್ಲಿ ಹಡಗಿಗೆ ಹಾಕೋಕೆ ಏನು ಕಷ್ಟ?

ಕಡಲತಡಿ
ಮನೆ ಸಾಮಾನು ಪ್ಯಾಕ್ ಮಾಡಿ ಹಡಗಿಗೆ ಹಾಕಿಸೋದೇ ನನ್ನ ಕೆಲಸ, ಅದಕ್ಕೇ ಬಾಯಿ ಹಾಕ್ತಿದ್ದೀನಿ. ಅಕ್ಕಾ, ಹಡಗಿನ ಸಾಮಾನು ಮನೆ ಬಾಗಿಲಿಗೆ ಬರೋಕೆ ಒಂದೂವರೆ ಎರಡು ತಿಂಗಳು ಹಿಡಿಯೋದು ಮಾಮೂಲು. ಬಂದರಿನಲ್ಲಿ ತಪಾಸಣೆಗೆ ನಿಂತ್ರೆ ಇನ್ನೂ ಮುಂದಕ್ಕೆ. ಮೊದಲ ರಾತ್ರಿಗೆ ಆ ಕಾಟು ಹೇಗೂ ಒದಗಲ್ಲ. ಮಗು ಅಷ್ಟರಲ್ಲಿ ಹೊಸ ಹಾಸಿಗೆಗೆ ಒಗ್ಗಿಕೊಂಡಿರುತ್ತೆ. ಆಮೇಲೆ ಹಳೇದು ಬಂದಾಗ ಮತ್ತೆ ಬದಲಾವಣೆ.

ಅಳತೆದೂ ತೊಡಕಿದೆ. ಯುರೋಪಿನಲ್ಲಿ ಮಗುವಿನ ಹಾಸಿಗೆ 60×120 ಇಲ್ಲವೇ 70×140 ಸೆಂ.ಮೀ., ಉತ್ತರ ಅಮೆರಿಕದಲ್ಲಿ ಸುಮಾರು 71×132. ಕಾಟ್ ಒಯ್ದರೆ ಅದಕ್ಕೆ ಹೊಂದೋ ಹಾಸಿಗೆ, ಬೆಡ್‌ಶೀಟು ಅಲ್ಲಿ ಸಿಗದೆ ಪರದಾಟ. ಹಾಸಿಗೆ ಮತ್ತು ಕಾಟಿನ ಕಂಬಿ ನಡುವೆ ಸಂದು ಉಳಿಯೋದಂತೂ ಅಪಾಯ, ಮಗುವಿನ ಮುಖ ಅಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಒಂದು ಪಕ್ಕ ಕೆಳಗೆ ಜಾರಿಸೋ ಕಾಟ್ ನಿಮ್ಮದಾಗಿದ್ರೆ ಅದನ್ನ ಮರೆತೇಬಿಡಿ. ಅಮೆರಿಕದಲ್ಲಿ 2011ರಲ್ಲಿ, ಕೆನಡಾದಲ್ಲಿ 2016ರಲ್ಲಿ ಅಂಥದ್ದರ ಮಾರಾಟ ನಿಷೇಧ ಆಗಿದೆ. ಮಕ್ಕಳು ಸತ್ತಿದ್ದಕ್ಕೇ ನಿಷೇಧ ಮಾಡಿದ್ದು.

ಕಾಡುಮಲ್ಲಿಗೆ
ಅಳತೆ ವಿಚಾರ ನನಗೂ ಗೊತ್ತಿರಲಿಲ್ಲ. ಹಾಗಾದ್ರೆ ಮಗು ಏನನ್ನ ಗುರುತು ಹಿಡಿದು ಮಲಗಬೇಕು? ಏನೋ ಒಂದು ಅದರದ್ದು ಅನ್ನೋದು ಇರಬೇಕಲ್ಲ.

ಕಡಲತಡಿ
ಬೆಡ್‌ಶೀಟ್ ಒಯ್ಯಿರಿ. ಒಗೆಯದೆ.

ಹೊಂಗೆನೆರಳು
+1. ನಮ್ಮ ಅನುಭವವೂ ಇದೇ. ಮಗ ಮಲಗ್ತಿದ್ದ ಶೀಟನ್ನ ಹೊರಡೋ ದಿನ ಬೆಳಿಗ್ಗೆ ಹಾಗೇ ಎತ್ತಿ, ಮಡಿಸಿ, ಜಿಪ್ ಕವರಿಗೆ ಹಾಕಿದ್ವಿ. ಅಲ್ಲಿ ಮಡಿಸೋ ಟ್ರಾವೆಲ್ ಕಾಟಿನ ಹಾಸಿಗೆಗೆ ಅದನ್ನೇ ಬಿಗಿಯಾಗಿ, ಸುಕ್ಕು ಬರದ ಹಾಗೆ ಹಾಸಿದೆವು. ಅವನು ಕವುಚಿ ಮೂಗು ಒತ್ತಿ ಎರಡು ಸಲ ಮೂಸಿದ, ಹೆಬ್ಬೆರಳು ಬಾಯಿಗೆ ಹೋಯ್ತು. ಮೊದಲ ವಾರ ಹಗಲು ರಾತ್ರಿ ಅದಲುಬದಲಾಗಿ ನಡುರಾತ್ರಿ ಎದ್ದು ಆಡ್ತಿದ್ದ, ಅದು ಬೇರೆ ವಿಷಯ. ಮಲಗಿಸಿದಾಗ ಜಾಗ ಹೊಸದು ಅಂತ ಅಳಲಿಲ್ಲ.

ಟ್ರಾವೆಲ್ ಕಾಟ್ ಬೇಕು ಅಂತ ಫ್ಲಾಟಿನವರಿಗೆ ಈಗಲೇ ಬರೆದು ಕೇಳಿ, ಹೆಚ್ಚಿನವರು ಇಟ್ಟಿರ್ತಾರೆ. ಅದರ ಹಾಸಿಗೆ ತೆಳ್ಳಗೆ, ಗಟ್ಟಿ ಅನ್ನಿಸಿದ್ರೂ ಮೇಲೆ ಇನ್ನೊಂದು ಮೆತ್ತೆ ಹಾಕಬೇಡಿ, ಅಷ್ಟು ಗಟ್ಟಿಯೇ ಇರಬೇಕು. ದಿಂಬೂ ಬೇಡ, ಸುತ್ತ ಕಟ್ಟೋ ಮೆತ್ತೆಯೂ ಬೇಡ.

ಚಿಗುರೆಲೆ
ಇದನ್ನ ಓದಿ ಎಷ್ಟು ಸಮಾಧಾನ ಆಯ್ತು ಗೊತ್ತಾ. ಶೀಟು ಸೂಟ್‌ಕೇಸಿಗೆ ಹೋಯ್ತು ಅಂತಲೇ ತಿಳ್ಕೊಳ್ಳಿ. ಕಾರ್ ಸೀಟಿನ ಚೀಟಿ ನೋಡಿದೆ, ಆರ್44 ಅಂತಿದೆ. ಕೆನಡಾ ಆದ್ರೆ ಬೇಡ ಅನ್ನೋದು ತಿಳೀತು. ನೆದರ್ಲೆಂಡ್ಸ್ ಆದ್ರೆ?

ಹಾದಿಹೋಕ
ಹೊಸದಾಗಿ ಮಾರೋದು ನಿಂತಿದೆ ಅಷ್ಟೆ, ಇರೋದನ್ನ ಬಳಸೋಕೆ ಅಡ್ಡಿಯಿಲ್ಲ. ಆದ್ರೆ ಅದು ಬರೀ ಕೂಸುಗಳ ಬಕೆಟ್ ಸೀಟಾಗಿದ್ರೆ ಎಂಟು ತಿಂಗಳ ಮಗುವಿಗೆ ಇನ್ನೆಷ್ಟು ದಿನ ಬರುತ್ತೆ ನೋಡಿ. ಹೊಸ ನಿಯಮದಲ್ಲಿ 15 ತಿಂಗಳ ತನಕ ಹಿಮ್ಮುಖವಾಗೇ, ಅಂದ್ರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರೋ ಹಾಗೆ ಕೂರಿಸಬೇಕು, ಆಮೇಲೂ ಹಾಗೇ ಮುಂದುವರಿಸೋದು ಒಳ್ಳೇದು. ಅಲ್ಲಿಗೆ ಹೋಗಿ ದೊಡ್ಡ ಹಿಮ್ಮುಖ ಸೀಟು ಕೊಂಡ್ರೆ ಕೆಲವು ವರ್ಷ ನಿಶ್ಚಿಂತೆ.

ತಂತಿಜೋಡಿ
ಕರೆಂಟಿನ ಸಾಮಾನಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಪ್ರತಿಯೊಂದರ ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರೋದನ್ನ ಓದಿ. 100-240 ವೋಲ್ಟ್, 50/60 ಹರ್ಟ್ಜ್ ಅಂತಿದ್ರೆ ಯಾವ ದೇಶಕ್ಕಾದ್ರೂ ಒಯ್ಯಿ, ಪ್ಲಗ್ ಅಡಾಪ್ಟರ್ ಸಾಕು. ಚಾರ್ಜರ್ ಮೇಲೆ ನಡೆಯೋ ಬ್ರೆಸ್ಟ್ ಪಂಪುಗಳು ಬಹುತೇಕ ಹೀಗೇ ಇರುತ್ತೆ, ಯುಎಸ್‌ಬಿ ಇದ್ರೆ ಇನ್ನೂ ಸರಳ.

ಸ್ಟೆರಿಲೈಸರ್, ಬಾಟಲಿ ವಾರ್ಮರ್, ಕೆಟಲ್ ಹಾಗಲ್ಲ. ಇವು ಬಿಸಿ ಮಾಡೋ ಸಾಮಾನು. 230 ವೋಲ್ಟಿನ ಸ್ಟೆರಿಲೈಸರನ್ನ ಕೆನಡಾದ 120 ವೋಲ್ಟಿಗೆ ಹಾಕಿದ್ರೆ ಕಾಲು ಭಾಗದಷ್ಟು ಶಾಖ ಮಾತ್ರ ಹುಟ್ಟುತ್ತೆ, ಯಾಕಂದ್ರೆ ವೋಲ್ಟೇಜ್ ಅರ್ಧಕ್ಕಿಳಿದರೆ ವಿದ್ಯುತ್ ಶಕ್ತಿ ಕಾಲಿಗೆ ಇಳಿಯುತ್ತೆ. ನೀರು ಸರಿಯಾಗಿ ಕುದಿಯದೆ ಆವಿ ಸಾಲದೇ ಹೋಗಬಹುದು. ದೀಪ ಉರೀತಿದೆ ಅಂತ ಬಾಟಲಿ ಶುದ್ಧವಾಯ್ತು ಅಂದ್ಕೊಂಡ್ರೆ ಮಗುವಿನ ಹೊಟ್ಟೆಗೆ ತೊಂದರೆ. ಉಲ್ಟಾ, 120ರದ್ದನ್ನ 230ಕ್ಕೆ ಹಾಕಿದ್ರೆ ಸುಟ್ಟೇ ಹೋಗುತ್ತೆ. ಟ್ರಾನ್ಸ್‌ಫಾರ್ಮರ್ ಹಾಕ್ತೀನಿ ಅಂದ್ರೆ ಅಷ್ಟು ವ್ಯಾಟಿನದ್ದು ಸ್ಟೆರಿಲೈಸರ್‌ಗಿಂತ ಭಾರ ಇರುತ್ತೆ. ಅದನ್ನ ಹೊರೋ ಬದಲು ಒಂದು ಪಾತ್ರೆಯಲ್ಲಿ ಬಾಟಲಿ ಕುದಿಸಿ.

ನೆದರ್ಲೆಂಡ್ಸ್ 230 ವೋಲ್ಟ್, ಅಲ್ಲಿಗಾದ್ರೆ ತಕರಾರಿಲ್ಲ.

ಮುಸ್ಸಂಜೆ
ಬೇಬಿ ಮಾನಿಟರ್?

ತಂತಿಜೋಡಿ
ಅದರಲ್ಲಿ ಕರೆಂಟಿಗಿಂತ ರೇಡಿಯೋ ತರಂಗದ ತೊಡಕು. ಡೆಕ್ಟ್ ಅಂತ ಬರೆದಿರೋ ಮಾನಿಟರ್ ಯುರೋಪಿನಲ್ಲಿ 1880ರಿಂದ 1900 ಮೆಗಾಹರ್ಟ್ಜ್, ಉತ್ತರ ಅಮೆರಿಕದಲ್ಲಿ 1920ರಿಂದ 1930. ಒಂದು ಕಡೆಯದನ್ನ ಇನ್ನೊಂದು ಕಡೆ ಹಚ್ಚಿದ್ರೆ ಮೊಬೈಲ್ ಕಂಪನಿಗಳ ತರಂಗಕ್ಕೆ ಅಡ್ಡ ಬರುತ್ತೆ, ಕಾನೂನೂ ಒಪ್ಪಲ್ಲ. ವೈಫೈನಲ್ಲಿ ನಡೆಯೋದು, 2.4 ಗಿಗಾಹರ್ಟ್ಜ್‌ದು ಆದ್ರೆ ಸಾಮಾನ್ಯವಾಗಿ ಎಲ್ಲಾ ಕಡೆ ನಡೆಯುತ್ತೆ.

ಮುಸ್ಸಂಜೆ
ಎಂಟು ತಿಂಗಳ ಮಗು, ಚಿಕ್ಕ ಫ್ಲಾಟು. ಅತ್ತರೆ ಗೋಡೆ ಆಚೆಗೂ ಕೇಳುತ್ತೆ. ಮಾನಿಟರೇ ಬೇಡ ಅಂತೀನಿ.

ಕಡಲತಡಿ
ವಾಕರ್ ಬಗ್ಗೆ ಹೇಳೋದು ಮರೆಯೋ ಮೊದಲು ಹೇಳಿಬಿಡ್ತೀನಿ. ಗಾಲಿ ಇರೋ ಬೇಬಿ ವಾಕರ್ ಕೆನಡಾದಲ್ಲಿ 2004ರಿಂದ ನಿಷೇಧ. ಮಾರೋಕೂ ಇಲ್ಲ, ಹೊರಗಿಂದ ತರೋಕೂ ಇಲ್ಲ, ಹಳೇದನ್ನ ಕೈಬದಲಾಯಿಸೋಕೂ ಇಲ್ಲ. ಡಬ್ಬದಲ್ಲಿ ಹಾಕಬೇಡಿ, ತಪಾಸಣೆಯಲ್ಲಿ ಅದೊಂದರಿಂದ ಇಡೀ ಸಾಮಾನು ನಿಲ್ಲೋದು ಬೇಡ.

ಇಬ್ಬನಿ_ಹನಿ
ನಮ್ಮ ಮಕ್ಕಳೆಲ್ಲಾ ವಾಕರಲ್ಲೇ ಬೆಳೆದ್ರು, ಏನೂ ಆಗಿಲ್ಲ. ಇದು ಅತಿ ಆಯ್ತು.

ಬಿಳಿಮುಗಿಲು
ಏನೂ ಆಗದ ಮಕ್ಕಳ ತಾಯಂದಿರು ಮಾತ್ರ ಹಾಗೆ ಹೇಳೋಕೆ ಸಾಧ್ಯ. ವಾಕರ್ ಸಮೇತ ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳು ಆಸ್ಪತ್ರೆಗೆ ಬರ್ತಾರೆ. ಎದುರಲ್ಲೇ ದೊಡ್ಡವರಿದ್ರೂ ಹಿಡಿಯೋಕಾಗಲ್ಲ, ಅಷ್ಟು ವೇಗ. ನಡೆಯೋದನ್ನ ಬೇಗ ಕಲಿಸುತ್ತೆ ಅನ್ನೋದೂ ಸುಳ್ಳು. ಯಾವ ದೇಶಕ್ಕಾದ್ರೂ ಬೇಡ, ಇಲ್ಲೂ ಯಾರಿಗೂ ಕೊಡಬೇಡಿ.

ನಾನು ಫಾರ್ಮಸಿಯಲ್ಲಿ ಕೆಲಸ ಮಾಡೋಳು, ಔಷಧಿ ಬಗ್ಗೆ ಎರಡು ಮಾತು. ಜ್ವರದ ಪ್ಯಾರಾಸಿಟಮಾಲ್ ಒಂದು ಬಾಟಲಿ ಜೊತೆಗೆ ಇಟ್ಕೊಳ್ಳಿ, ಹೊಸ ಊರಲ್ಲಿ ಮೊದಲ ರಾತ್ರಿಯೇ ಜ್ವರ ಬಂದ್ರೆ ಅಂಗಡಿ ಹುಡುಕೋದು ಬೇಡ. ಉತ್ತರ ಅಮೆರಿಕದಲ್ಲಿ ಇದೇ ಔಷಧಿಗೆ ಅಸಿಟಮಿನೋಫೆನ್ ಅಂತಾರೆ. ಎರಡೂ ಒಂದೇ, ಬೇರೆ ಬೇರೆ ಅಂತ ಎರಡನ್ನೂ ಕುಡಿಸಬೇಡಿ. ಸಾಂದ್ರತೆಯಂತೂ ತುಂಬಾ ಮುಖ್ಯ. ಹನಿ ಬಾಟಲಿಯಲ್ಲಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರಬಹುದು, ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಅಥವಾ 160. "ಅಷ್ಟೇ ಮಿ.ಲೀ. ಹಾಕ್ತಿದ್ವಿ" ಅಂತ ಒಂದರ ಅಳತೆಯಲ್ಲಿ ಇನ್ನೊಂದನ್ನ ಕುಡಿಸಿದ್ರೆ ಮೂರು ನಾಲ್ಕು ಪಟ್ಟು ವ್ಯತ್ಯಾಸ ಆಗುತ್ತೆ. ಮಗುವಿನ ತೂಕಕ್ಕೆ ಎಷ್ಟು ಮಿ.ಗ್ರಾಂ ಅಂತ ಡಾಕ್ಟರ್ ಹತ್ರ ಬರೆಸಿಕೊಂಡು ಹೋಗಿ. ಆ ಬಾಟಲಿ ಜೊತೆಗೆ ಬಂದ ಪಿಪೆಟ್ ಅದಕ್ಕೆ ಮಾತ್ರ.

ಲಸಿಕೆ ಪುಸ್ತಕ ಕೈಚೀಲದಲ್ಲೇ ಇರಲಿ, ಪ್ರತಿ ಪುಟದ ಫೋಟೋ ಮೊಬೈಲಲ್ಲಿ. ಬಿಸಿಜಿ ಹಾಕಿಸಿದ್ರೆ ತಾರೀಖು ಕಾಣೋ ಹಾಗೆ ಇರಬೇಕು, ಮುಂದೆ ಕ್ಷಯದ ಚರ್ಮ ಪರೀಕ್ಷೆ ಮಾಡಿದ್ರೆ ಆ ಲಸಿಕೆಯಿಂದಲೇ ಊತ ಬರಬಹುದು, ಅಲ್ಲಿಯ ಡಾಕ್ಟರಿಗೆ ಅದು ತಿಳಿದಿರಬೇಕು.

ಇಬ್ಬನಿ_ಹನಿ
ಸರಿ ಬಿಳಿಮುಗಿಲು, ವಾಕರ್ ವಿಷಯ ಬಿಟ್ಟೆ. ತಂಗಿ ಮನೇಲಿ ಒಂದಿದೆ, ಅವಳಿಗೂ ಹೇಳ್ತೀನಿ.

ನೆಲಸಂಪಿಗೆ
ಡಬ್ಬಿ ಹಾಲು ಕುಡಿಯೋ ಮಗುನಾ? ಆದ್ರೆ ಈಗಿನದೇ ಪುಡಿ ಸ್ವಲ್ಪ ಒಯ್ಯಿರಿ. ಹೆಸರು ಒಂದೇ ಇದ್ರೂ ದೇಶಕ್ಕೊಂದು ಥರ ಇರುತ್ತೆ. ಯುರೋಪಿನಲ್ಲಿ ಆರು ತಿಂಗಳಾದ ಮೇಲೆ ಕೊಡೋದು ಅಂತ 2 ನಂಬರಿನ ಡಬ್ಬಿ ಬೇರೆ ಇರುತ್ತೆ, ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ವರ್ಷದ ತನಕ ಒಂದೇ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಆದ್ರೆ ಮಗುವಿನ ಹಾಲಿನ ಪುಡಿ, ಶಿಶು ಆಹಾರಕ್ಕೆ 2 ಕೆ.ಜಿ. ತನಕ ವಿನಾಯಿತಿ ಇದೆ. ಸದ್ಯ ಬಳಸ್ತಿರೋ ಡಬ್ಬಿ ಬಿಟ್ಟು ಮಿಕ್ಕಿದ್ದರ ಕಂಪನಿ ಸೀಲ್ ಒಡೆದಿರಬಾರದು. ಮನೆಯಲ್ಲಿ ಡಬ್ಬಿಯಿಂದ ಕವರಿಗೆ ಸುರಿದು ಒಯ್ಯಬೇಡಿ.

ಚಿಗುರೆಲೆ
ಎದೆಹಾಲು ಜೊತೆಗೆ ದಿನಕ್ಕೆ ಒಂದೆರಡು ಸಲ ಡಬ್ಬಿ ಹಾಲು. ಬಾಟಲಿಗಳು ಎಲ್ಲಾ ಕಡೆ ಸಿಗೋ ಬ್ರ್ಯಾಂಡೇ, ಅವೂ ಅಲ್ಲೇ ಕೊಂಡ್ರಾಯ್ತಾ?

ಮುಸ್ಸಂಜೆ
ಬಾಟಲಿ ಅಲ್ಲಿ ಕೊಳ್ಳಿ, ನಿಪ್ಪಲ್ ಇಲ್ಲಿಂದ ಒಯ್ಯಿರಿ. ನಿಪ್ಪಲ್‌ನ ತೂತು ಸ್ವಲ್ಪ ವ್ಯತ್ಯಾಸ ಆದ್ರೂ ಕೆಲವು ಮಕ್ಕಳು ಬಾಯಿ ತೆಗೆಯಲ್ಲ. ಅಂಗೈಯಲ್ಲಿ ಹಿಡಿಸೋ ಸಾಮಾನು, ನಾಲ್ಕಾರು ಇಟ್ಕೊಂಡ್ರೆ ಭಾರವೇನೂ ಇಲ್ಲ. ಪ್ಯಾಸಿಫೈಯರ್ ಹೀರೋ ಮಗುವಾದ್ರೆ ಅದೂ.

ಕಡಲತಡಿ
ಬಟ್ಟೆ ಬಗ್ಗೆ: ಈಗ ಹಾಕ್ತಿರೋದನ್ನ ಹಡಗಿಗೆ ಹಾಕಬೇಡಿ, ಡಬ್ಬ ಬಿಚ್ಚುವಾಗ ಯಾವುದೂ ಹಿಡಿಸಲ್ಲ. ಈ ತಿಂಗಳ ಅಳತೆಯದು ಸೂಟ್‌ಕೇಸಿಗೆ, ಮುಂದಿನ ಎರಡು ಅಳತೆಯದು ಹಡಗಿಗೆ. ಕೊಳ್ಳುವಾಗ ಯುರೋಪಿನ ಬಟ್ಟೆಗೆ ಮಗುವಿನ ಎತ್ತರ ಸೆಂ.ಮೀ.ನಲ್ಲಿರುತ್ತೆ, 74, 80 ಹೀಗೆ. ಅಮೆರಿಕ, ಕೆನಡಾದಲ್ಲಿ ತಿಂಗಳ ಲೆಕ್ಕ. ಹೊರಡೋ ಮುಂಚೆ ಅವಳ ಉದ್ದ ಅಳೆದು ಬರೆದಿಟ್ಕೊಳ್ಳಿ.

ಸ್ಟ್ರೋಲರ್ ಚಕ್ರಕ್ಕೆ ಮಣ್ಣು ಅಂಟಿದ್ರೆ ಹಳೇ ಬ್ರಷ್ಷಲ್ಲಿ ತಿಕ್ಕಿ ತೊಳೀರಿ, ಟೈರಿನ ಗೀರಿನಲ್ಲಿ ಒಣಗಿದ ಹುಲ್ಲು ಕೂತಿರುತ್ತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಅದನ್ನ ಬಗ್ಗಿ ನೋಡ್ತಾರೆ, ಕೆನಡಾದಲ್ಲೂ ಮಣ್ಣು ಒಳಗೆ ಬಿಡಲ್ಲ.

ಕಾಡುಮಲ್ಲಿಗೆ
ಅಂದ್ರೆ ಸ್ಟ್ರೋಲರ್ ಒಯ್ಯಬೇಕು ಅಂತಾಯ್ತಲ್ಲ?

ಹೊಂಗೆನೆರಳು
ಯಾವ ಥರದ್ದು ಅನ್ನೋದರ ಮೇಲೆ. ಒಂದು ಕೈಯಲ್ಲಿ ಮಡಿಸೋಕೆ ಬರೋ ಹಗುರದ್ದಾದ್ರೆ ಖಂಡಿತ. ವಿಮಾನದ ಬಾಗಿಲ ತನಕ ತಳ್ಳಿಕೊಂಡು ಹೋಗಿ ಅಲ್ಲೇ ಕೊಡಬಹುದು. ಇಳಿಯೋ ಕಡೆ ಬಾಗಿಲಲ್ಲೇ ವಾಪಸ್ ಸಿಗುತ್ತಾ ಲಗೇಜ್ ಬೆಲ್ಟಲ್ಲಿ ಬರುತ್ತಾ ಅಂತ ಮೊದಲೇ ಕೇಳಿ, ಇಮಿಗ್ರೇಷನ್ ಕ್ಯೂನಲ್ಲಿ ಮಗು ಎತ್ತಿಕೊಂಡು ನಿಲ್ಲೋದು ತಪ್ಪುತ್ತೆ. ಚೀಲಕ್ಕೆ ಹಾಕಿ ಕೊಡಿ, ಬರೀ ಫ್ರೇಮ್ ಕೊಟ್ರೆ ಬ್ರೇಕ್, ಹುಡ್ ಮುರಿಯುತ್ತೆ.

ದೊಡ್ಡ ಗಾಡಿಯಾದ್ರೆ ಬಿಟ್ಟುಬಿಡಿ. ಹೊಸ ಮನೆಗೆ ಲಿಫ್ಟ್ ಇದೆಯಾ, ಮೆಟ್ಟಿಲು ಎಷ್ಟು ಕಡಿದು, ಬಸ್ಸಿಗೆ ಹತ್ತುತ್ತಾ, ಹಿಮ ಬೀಳುತ್ತಾ, ಇದ್ಯಾವುದೂ ಈಗ ಗೊತ್ತಿಲ್ಲ. ಕೆಲವು ಹಳೇ ಮನೆಗಳ ಮೆಟ್ಟಿಲು ನೆಟ್ಟಗೆ ಏಣಿ ಹಾಗಿರುತ್ತೆ, ಅಂಥ ಕಡೆ ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರೇ ಗತಿ. ಅದನ್ನ ಮಾತ್ರ ತಪ್ಪದೆ ಒಯ್ಯಿರಿ, ಏರ್‌ಪೋರ್ಟಿನಿಂದ ಹಿಡಿದು ಮನೆ ಹುಡುಕೋ ತನಕ ನಮ್ಮನ್ನ ಕಾಪಾಡಿದ್ದು ಅದು.

ಚಳಿ ದೇಶ ಅಂತ ಈಗಲೇ ದಪ್ಪ ಜಾಕೆಟ್ ಕೊಳ್ಳಬೇಡಿ, ಅಲ್ಲಿಯದೇ ಬೆಚ್ಚಗೆ. ಕಾರ್ ಸೀಟಲ್ಲಿ ಆ ಉಬ್ಬಿದ ಜಾಕೆಟ್ ತೆಗೆದೇ ಬೆಲ್ಟ್ ಬಿಗೀರಿ. ಜಾಕೆಟ್ ಮೇಲೆ ಬಿಗಿದ್ರೆ ಡಿಕ್ಕಿಯಾದಾಗ ಅದು ಅದುಮಿಕೊಂಡು ಬೆಲ್ಟ್ ಸಡಿಲ ಆಗುತ್ತೆ. ಮೇಲೆ ಕಂಬಳಿ ಹೊದಿಸಿ.

ತಂತಿಜೋಡಿ
ಪಂಪು ಬ್ಯಾಟರಿದಾದ್ರೆ ಕೈಚೀಲದಲ್ಲೇ ಇಡಿ. ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹಾಕೋ ಹಾಗೇ ಇಲ್ಲ, 100 ವ್ಯಾಟ್-ಅವರ್ ದಾಟಿದ್ರೆ ಏರ್‌ಲೈನಿನ ಅನುಮತಿ ಬೇಕು.

ಮುಸ್ಸಂಜೆ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದ್ರೂ ಹೇಳ್ತೀನಿ. ನಮ್ಮ ಮಗು ಫ್ಯಾನಿನ ಸದ್ದಿಗೇ ನಿದ್ದೆ ಮಾಡ್ತಿತ್ತು. ಹೋದ ಊರಲ್ಲಿ ಫ್ಯಾನೇ ಇಲ್ಲ, ಮನೆ ನಿಶ್ಶಬ್ದ, ಮಗು ಕಣ್ಣು ಬಿಟ್ಟುಕೊಂಡು ಮಲಗಿರ್ತಿತ್ತು. ಅಮ್ಮನಿಗೆ ಹೇಳಿ ಮನೆ ಫ್ಯಾನಿನ ಸದ್ದು ರೆಕಾರ್ಡ್ ಮಾಡಿಸಿ ತರಿಸ್ಕೊಂಡ್ವಿ. ಹಿಂದೆ ಅಜ್ಜಿ ಕೆಮ್ಮಿದ್ದೂ ಅದರಲ್ಲಿದೆ.

ಕಾಡುಮಲ್ಲಿಗೆ
ಅಯ್ಯೋ, ಎಷ್ಟು ಚೆಂದ. ನಾನೂ ಮಗಳಿಗೆ ಕಳಿಸ್ತೀನಿ.

ಚಿಗುರೆಲೆ
ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದ್ರೂ ಸಾಲದು. ಅತ್ತೆಗೂ ಓದಿ ಹೇಳಿದೆ. ಕಾಟು ಇಲ್ಲೇ ಇರಲಿ, ರಜೆಗೆ ಬಂದಾಗ ಬೇಕಲ್ಲ ಅಂತ ಅವರೇ ಅಂದ್ರು. ಹೈಚೇರೂ ಬಿಡ್ತಿದ್ದೀವಿ. ಈಗ ಉಳಿದಿದ್ದು ವಿಮಾನದ ಪ್ರಶ್ನೆ. ಮುಂದಿನ ಸೀಟಿನ ಎದುರು ಗೋಡೆಗೆ ಸಿಕ್ಕಿಸೋ ಬ್ಯಾಸಿನೆಟ್ ಎಂಟು ತಿಂಗಳ ಮಗುವಿಗೆ ಸಿಗುತ್ತಾ?

ನೆಲಸಂಪಿಗೆ
ವಯಸ್ಸಿಗಿಂತ ತೂಕ, ಉದ್ದ ನೋಡ್ತಾರೆ. ಮಿತಿ ಒಂದೊಂದು ಏರ್‌ಲೈನಿಗೆ ಒಂದೊಂದು. ಟಿಕೆಟ್ ಮಾಡಿಸಿದ ದಿನವೇ ಫೋನ್ ಮಾಡಿ ಆ ಸಾಲಿನ ಸೀಟು ಹಿಡೀರಿ, ಒಂದು ವಿಮಾನದಲ್ಲಿ ಬೆರಳೆಣಿಕೆಯಷ್ಟೇ ಇರುತ್ತೆ. ತಾನಾಗೇ ಎದ್ದು ಕೂರೋ ಮಗುವಾದ್ರೆ ಸಿಕ್ಕಿದ್ರೂ ಹೆಚ್ಚು ಹೊತ್ತು ಮಲಗಲ್ಲ. ವಿಮಾನ ಅಲುಗಾಡುವಾಗಲೆಲ್ಲ ಎತ್ತಿಕೊಳ್ಳಿ ಅಂತಾರೆ.

ಹಾದಿಹೋಕ
ದುಡ್ಡು ಹೊಂದುತ್ತೆ ಅಂದ್ರೆ ಮಗುವಿಗೇ ಒಂದು ಸೀಟು ಕೊಂಡು, ವಿಮಾನಕ್ಕೆ ಒಪ್ಪಿಗೆ ಇರೋ ಕಾರ್ ಸೀಟಲ್ಲಿ ಕೂರಿಸೋದು ಇನ್ನೂ ಸುರಕ್ಷಿತ. ಆ ಒಪ್ಪಿಗೆಯೂ ಸೀಟಿನ ಚೀಟಿ ಮೇಲೇ ಇರುತ್ತೆ. ಯಾವ ದೇಶ ಅಂತ ತೀರ್ಮಾನ ಆದ ತಕ್ಷಣ ಇಲ್ಲಿ ಹಾಕಿ, ಅಲ್ಲಿಗೆ ಹೊಂದೋ ಸೀಟನ್ನ ಮೊದಲೇ ತರಿಸೋಕೆ ಆಗುತ್ತಾ ನೋಡೋಣ.